ದೊಣ್ಣೆ ಮೆಣಸಿನಕಾಯಿಯಲ್ಲಿ ಗಂಡು, ಹೆಣ್ಣು ಇಲ್ಲ

ತಳದಲ್ಲಿ ಮೂರು ಉಬ್ಬಿದ್ದರೆ ಗಂಡು, ನಾಲ್ಕಿದ್ದರೆ ಹೆಣ್ಣು, ಹೆಣ್ಣೇ ಸಿಹಿ ಅನ್ನುವ ಮೆಸೇಜ್ ನಮ್ಮ ಮುಂಬೈ ಕನ್ನಡಿಗರ ಗುಂಪುಗಳಲ್ಲೂ ಸುತ್ತುತ್ತಲೇ ಇರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತಾರೆ, ಆದರೆ ಇದು ನಿಜವಲ್ಲ. ಈ ಗಿಡದ ಒಂದೇ ಹೂವಿನಲ್ಲಿ ಗಂಡು ಭಾಗವೂ ಹೆಣ್ಣು ಭಾಗವೂ ಇರುತ್ತವೆ, ಆ ಹೂವಿನ ಅಂಡಾಶಯವೇ ಬೆಳೆದು ಕಾಯಿ ಆಗುತ್ತದೆ, ಹಾಗಾಗಿ ಕಾಯಿಗೆ ಗಂಡು, ಹೆಣ್ಣು ಅಂತ ಇರುವುದೇ ಇಲ್ಲ. ಉಬ್ಬು ಎಷ್ಟು ಅನ್ನುವುದು ತಳಿ ಮತ್ತು ಬೆಳೆದ ವಾತಾವರಣಕ್ಕೆ ಬಿಟ್ಟಿದ್ದು. ಸಿಹಿ ಬೇಕಾದರೆ ಬಣ್ಣ ನೋಡಿ. ಹಸಿರು ಅಂದರೆ ಇನ್ನೂ ಹಣ್ಣಾಗಿಲ್ಲ, ಕೆಂಪಾದಾಗ ಸಿಹಿ ಜಾಸ್ತಿ.

ನೀವೇ ಪರೀಕ್ಷೆ ಮಾಡಬಹುದು. ಬಾಲ್ಕನಿ ಕುಂಡದಲ್ಲಿ ಗಿಡ ಇದ್ದರೆ ಕಾಯಿಗಳ ಉಬ್ಬು ಎಣಿಸಿ, ಒಂದೇ ಗಿಡದಲ್ಲಿ ಎರಡೂ ಬಗೆ ಸಿಗಬಹುದು. ಗಿಡ ಇಲ್ವಾ? ಇಲ್ಲಿ ಢೋಬಳಿ ಮಿರ್ಚಿ ಅಂತ ಕೇಳಿ ಒಂದೇ ಬಣ್ಣದ ಎರಡು ತನ್ನಿ, ಮೂರು ಉಬ್ಬಿನದೊಂದು, ನಾಲ್ಕು ಉಬ್ಬಿನದೊಂದು. ಕೊಯ್ದರೆ ಎರಡರಲ್ಲೂ ಬೀಜ ಕಾಣುತ್ತದೆ.