ಅಮ್ಮ ಒಂದು ದಿನವೂ ಮಾತ್ರೆ ತಪ್ಪಿಸಿರಲಿಲ್ಲ

ಅಪ್ಪನಿಗೆ ಸ್ಟೆಂಟ್ ಹಾಕಿಸಿ ಏಳು ತಿಂಗಳಾಗಿತ್ತು. ರಾತ್ರಿ ಊಟಕ್ಕೆ ಕೂತವರು ಎದೆ ಹಿಡಿದುಕೊಂಡರು. ಮತ್ತೆ ಅದೇ ಆಸ್ಪತ್ರೆ, ಅದೇ ಐಸಿಯು. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದರು. ಡ್ಯೂಟಿ ಡಾಕ್ಟರ್ ಅಮ್ಮನ ಕಡೆ ತಿರುಗಿ ಕೇಳಿದ ಮೊದಲ ಮಾತು, "ಮಾತ್ರೆ ನಿಲ್ಲಿಸಿದ್ರಾ?"

ನಮ್ಮಮ್ಮ ನಿಲ್ಲಿಸುವುದಾ! ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ದಿನಕ್ಕೊಂದು ಪೆನ್ಸಿಲ್ ಗೀಟು ಹಾಕುತ್ತಿದ್ದವಳು ಅವಳು. ತಿಂಡಿ ಆದ ಮೇಲೆ ರಕ್ತ ಹೆಪ್ಪುಗಟ್ಟದಿರಲು ಕೊಡುವ ಕ್ಲೋಪಿಡೋಗ್ರೆಲ್ 75, ಅಪ್ಪ ನೀರು ಕುಡಿದು ಲೋಟ ಕೆಳಗಿಟ್ಟ ಮೇಲೇ ಗೀಟು. ತಂಗಿ ಮದುವೆ ದಿನ ಛತ್ರದ ಗಲಾಟೆಯಲ್ಲೂ ಸೆರಗಿನ ತುದಿಯಲ್ಲಿ ಮಾತ್ರೆ ಗಂಟು ಕಟ್ಟಿಕೊಂಡು ಬಂದಿದ್ದಳು. "ಇಲ್ಲ ಸಾರ್, ಒಂದಿನಾನೂ ಬಿಟ್ಟಿಲ್ಲ" ಎಂದಳು. ಅವರು ನಂಬಿದ ಹಾಗೆ ಕಾಣಲಿಲ್ಲ. ಮಾತ್ರೆ ಬಿಟ್ಟವರಿಗೇ ಹೀಗೆ ಜಾಸ್ತಿ ಆಗುವುದು, ಹಾಗಾಗಿ ಕೇಳಿದ್ದು ತಪ್ಪಲ್ಲ. ಆದರೆ ಅಮ್ಮ ಆ ರಾತ್ರಿಯಿಡೀ ಐಸಿಯು ಹೊರಗೆ ಕೂತು, ಎಲ್ಲಾದರೂ ಮರೆತೆನಾ ಎಂದು ಒಂದೊಂದೇ ದಿನ ನೆನೆಸಿಕೊಳ್ಳುತ್ತಿದ್ದಳು.

ಆಮೇಲೆ ಬೇರೆ ಡಾಕ್ಟರೊಬ್ಬರು ಜೀನ್ ಟೆಸ್ಟ್ ಮಾಡಿಸಿದರು. ಆಗಲೇ ನನಗೆ ಗೊತ್ತಾಗಿದ್ದು, ಕ್ಲೋಪಿಡೋಗ್ರೆಲ್ ನುಂಗಿದ ತಕ್ಷಣ ಕೆಲಸ ಮಾಡುವ ಔಷಧಿಯೇ ಅಲ್ಲ. ಲಿವರ್‌ನಲ್ಲಿರುವ ಸಿವೈಪಿ2ಸಿ19 ಎಂಬ ಕಿಣ್ವ ಅದನ್ನು ಬದಲಾಯಿಸಬೇಕು, ಆಮೇಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಶಕ್ತಿ ಅದಕ್ಕೆ ಬರುವುದು. ಆ ಕಿಣ್ವದ ಜೀನ್ ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಅಪ್ಪನಿಗೆ ಬಂದಿದ್ದ ಎರಡೂ ಕೆಲಸ ಮಾಡದವು.

ಇದು ಕೋಟಿಗೊಬ್ಬರಿಗೆ ಬರುವ ತೊಂದರೆ ಆಗಿದ್ದರೆ ಹಣೆಬರಹ ಅಂದುಕೊಂಡು ಸುಮ್ನಿರುತ್ತಿದ್ದೆ. ಬ್ರಿಟನ್‌ನಲ್ಲಿ ನೆಲೆಸಿದ ಬಾಂಗ್ಲಾದೇಶಿ, ಪಾಕಿಸ್ತಾನಿ ಮೂಲದವರ ಮೇಲೆ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 57 ಜನರಿಗೆ ಇಂಥ ಜೀನ್ ಒಂದಾದರೂ ಇತ್ತು. ಎರಡೂ ಹಾಗೇ ಇದ್ದವರಿಗೆ ಮತ್ತೆ ಹಾರ್ಟ್ ಅಟ್ಯಾಕ್ ಆಗುವ ಅಪಾಯ ಮೂರು ಪಟ್ಟಿಗೂ ಜಾಸ್ತಿ. ಅವರು ನಮ್ಮ ನೆರೆಯವರು ಅಷ್ಟೇ ಅಂತ ತಳ್ಳಿಹಾಕುವ ಹಾಗೂ ಇಲ್ಲ. ದಕ್ಷಿಣ ಭಾರತದವರಲ್ಲೂ ಇದು ಯುರೋಪಿನವರಿಗಿಂತ ಜಾಸ್ತಿ. ಈ ಮಾತ್ರೆಗೆ ಹೆಸರು ತಂದುಕೊಟ್ಟ 1996ರ ದೊಡ್ಡ ಪ್ರಯೋಗದಲ್ಲಿ ಸುಮಾರು 19,000 ರೋಗಿಗಳಿದ್ದರು, ಬಹುತೇಕ ಎಲ್ಲರೂ ಬಿಳಿಯರು. ಅಳತೆ ತೆಗೆದದ್ದು ಅವರದು, ಅಂಗಿ ತೊಡಿಸಿದ್ದು ನಮಗೆ.

ಗೊತ್ತಿಲ್ಲದೆ ಆಗಿದ್ದೂ ಅಲ್ಲ. ಅಮೆರಿಕದ ಔಷಧ ನಿಯಂತ್ರಕರು 2010ರಲ್ಲೇ ಈ ಔಷಧಿಯ ಮೇಲೆ ಎಚ್ಚರಿಕೆ ಹಾಕಿಸಿದರು. ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಮೂಲದ ಜನ ತುಂಬಿರುವ ಹವಾಯಿ ರಾಜ್ಯ, ಇದನ್ನು ನಮ್ಮವರಿಗೆ ಸರಿಯಾಗಿ ಹೇಳಲೇ ಇಲ್ಲ ಎಂದು 2014ರಲ್ಲಿ ಕಂಪನಿಗಳ ಮೇಲೆ ಕೇಸು ಹಾಕಿತು. ಇಂಗ್ಲೆಂಡಿನಲ್ಲಿ 2024ರಲ್ಲಿ, ಪಾರ್ಶ್ವವಾಯು ಆದವರಿಗೆ ಈ ಮಾತ್ರೆ ಕೊಡುವುದಾದರೆ ಜೀನ್ ಟೆಸ್ಟ್ ಮಾಡಿ ಎಂದು ಸಲಹೆ ಬಂತು. ನಮ್ಮಪ್ಪನ ಡಿಸ್ಚಾರ್ಜ್ ದಿನ ನಮಗೆ ಸಿಕ್ಕಿದ್ದು ಉಪ್ಪು ಕಡಿಮೆ ಮಾಡಿ ಎನ್ನುವ ಒಂದು ಚೀಟಿ.

ನಮ್ಮ ಡಾಕ್ಟರುಗಳಿಗೆ ಇದೆಲ್ಲ ಹೊಸದು ಅಂತಲೂ ಹೇಳಲಾಗದು. ಆರ್ಯವೈಶ್ಯ ಸಮುದಾಯದ ವಿಷಯ ಅರಿವಳಿಕೆ ಡಾಕ್ಟರುಗಳಿಗೆ ಎಷ್ಟೋ ವರ್ಷಗಳಿಂದ ಗೊತ್ತು. ಆಪರೇಷನ್‌ಗೆ ಮೈ ಸಡಿಲಾಗಲು ಕೊಡುವ ಸಕ್ಸಿನೈಲ್‌ಕೋಲಿನ್ ಉಳಿದವರಿಗೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಇವರಲ್ಲಿ ಕೆಲವರಿಗೆ ಅದನ್ನು ಒಡೆಯುವ ಕಿಣ್ವ ಕಡಿಮೆ, ಗಂಟೆಗಟ್ಟಲೆ ಉಸಿರು ಮರಳುವುದಿಲ್ಲ, ಅಲ್ಲಿವರೆಗೂ ವೆಂಟಿಲೇಟರ್ ಬೇಕು. ತಲೆತಲೆಮಾರಿನಿಂದ ಒಳಗೊಳಗೇ ಸಂಬಂಧ ಬೆಳೆಸಿದ್ದರಿಂದ ಆ ಜೀನ್ ಅಲ್ಲೇ ಉಳಿದುಕೊಂಡಿದೆ. ಆಪರೇಷನ್‌ಗೆ ಮುಂಚೆ "ನೀವು ವೈಶ್ಯರಾ?" ಎಂದು ಯಾರಾದರೂ ಕೇಳಿದರೆ ದಯವಿಟ್ಟು ಸಿಟ್ಟಾಗಬೇಡಿ. ಆ ಪ್ರಶ್ನೆ ಜೀವ ಉಳಿಸುವುದಕ್ಕೆ.

ಹಾಗಂತ ಜಾತಿ, ಬಣ್ಣ ನೋಡಿ ಮಾತ್ರೆ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. 2005ರಲ್ಲಿ ಅಮೆರಿಕದಲ್ಲಿ ಕಪ್ಪು ಜನರಿಗೆಂದೇ ಒಂದು ಹೃದಯದ ಔಷಧಿಗೆ ಒಪ್ಪಿಗೆ ಕೊಟ್ಟರು. ನನಗೆ ಆ ದಾರಿ ಸರಿ ಅನಿಸುವುದಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರಲ್ಲೇ ಒಬ್ಬನಿಗೆ ಮಾತ್ರೆ ನಾಟಿ ಇನ್ನೊಬ್ಬನಿಗೆ ನಾಟದೆ ಇರಬಹುದು. ಮೂಲ ಎನ್ನುವುದು ಒಂದು ಸುಳಿವು ಮಾತ್ರ, ಅದನ್ನು ಹಿಡಿದು ಟೆಸ್ಟ್ ಮಾಡಬೇಕು ಅಲ್ವಾ? ಬೆಂಗಳೂರಿನ ಐಐಎಸ್ಸಿ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ದೇಶದ ಸುಮಾರು 10,000 ಜನರ ಜೀನೋಮ್, ಅಂದರೆ ಪೂರ್ತಿ ಜೀನ್ ಮಾಹಿತಿ, ಓದಿದ್ದಾರೆ. ಜನವರಿ 2025ರಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದರು. ಖುಷಿಯ ವಿಷಯ. ಅದು ಸ್ಟೆಂಟ್ ಹಾಕುವ ಕೋಣೆವರೆಗೂ ಬರಬೇಕು. ಸರ್ಕಾರಿ ಯೋಜನೆಯಲ್ಲಿ ಸ್ಟೆಂಟ್‌ಗೆ ದುಡ್ಡು ಕೊಡುವವರು ಈ ಒಂದು ಟೆಸ್ಟ್‌ಗೂ ಕೊಡಲಿ.

ಇದನ್ನು ಓದಿ ಯಾರೂ ನಾಳೆಯಿಂದ ಮಾತ್ರೆ ನಿಲ್ಲಿಸಬೇಡಿ, ಕೈಮುಗಿದು ಕೇಳುತ್ತೇನೆ. ಎಷ್ಟೋ ಜನರಿಗೆ ಇದೇ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಡಾಕ್ಟರ್ ಹತ್ತಿರ ಹೋದಾಗ ಈ ಟೆಸ್ಟ್ ನನಗೆ ಬೇಕಾ ಎಂದು ಕೇಳಿ, ಸಾಕು.

ಅಪ್ಪನಿಗೆ ಈಗ ಟಿಕಾಗ್ರೆಲಾರ್ ಕೊಡುತ್ತಿದ್ದಾರೆ. ಅದು ಆ ಕಿಣ್ವಕ್ಕಾಗಿ ಕಾಯುವುದಿಲ್ಲ. ಟೆಸ್ಟ್ ರಿಪೋರ್ಟಿನ ಜೆರಾಕ್ಸ್ ಅವರ ಫೈಲ್‌ನಲ್ಲಿ ಎಲ್ಲಕ್ಕಿಂತ ಮೇಲಿದೆ. ಈ ಮಾತ್ರೆ ದಿನಕ್ಕೆ ಎರಡು ಸಲ, ಹಾಗಾಗಿ ಅಮ್ಮ ಕ್ಯಾಲೆಂಡರ್‌ನ ಒಂದೊಂದು ಮನೆಯಲ್ಲೂ ಎರಡೆರಡು ಗೀಟು ಹಾಕುತ್ತಿದ್ದಾಳೆ. ಹಳೇ ಕ್ಯಾಲೆಂಡರ್ ಬಿಸಾಡಲು ಬಿಟ್ಟಿಲ್ಲ.