ಭಾವನ ಮೂಗು ಮತ್ತು 360 ಡಿಗ್ರಿ

ನಿನ್ನೆ ರಾತ್ರಿ ಪೂರ್ತಿ ನಮ್ಮ ಭಾವನ ಮೂಗು ಜೋಡಿಸುವುದರಲ್ಲೇ ಹೋಯಿತು. ಇನ್ನೂ ಸೇರಿಲ್ಲ. ಮೂಗು ಸೇರಿಸಿದರೆ ಮೀಸೆ ಎರಡಾಗುತ್ತದೆ. ಮೀಸೆ ಒಂದು ಮಾಡಿದರೆ ಹಿಂದಿರುವ ಬಾಗಿಲು ಮುರಿಯುತ್ತದೆ. ಕಾಫಿ ತಂದಿಟ್ಟ ಹೆಂಡತಿ ಕಂಪ್ಯೂಟರ್ ನೋಡಿ ಗಾಬರಿಯಾಗಿ, "ಅಯ್ಯೋ, ಅವರಿಗೇನಾಯ್ತುರೀ?" ಅಂದಳು. ಅವರಿಗೇನೂ ಆಗಿಲ್ಲ. ಗಟ್ಟಿಯಾಗಿದ್ದಾರೆ. ಬೆಳಿಗ್ಗೆಯಿಂದ ಎರಡು ಸಲ ಫೋನ್ ಕೂಡ ಮಾಡಿದರು.

ನಾನು ಮದುವೆ ವಿಡಿಯೋದವನು. ಶಿವಮೊಗ್ಗ ಕಡೆಯ ಯಾವ ಛತ್ರದಲ್ಲಿ ಪ್ಲಗ್ ಪಾಯಿಂಟ್ ಎಲ್ಲಿದೆ, ಯಾವ ಭಟ್ಟರು ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೇ ಕ್ಯಾಮೆರಾಗೆ ಬೆನ್ನು ಕೊಡುತ್ತಾರೆ, ಯಾವ ಅಡುಗೆಯವರ ಹತ್ತಿರ ಸ್ನೇಹ ಇಟ್ಟುಕೊಂಡರೆ ಮೊದಲ ಪಂಕ್ತಿಯಲ್ಲೇ ಎಲೆ ಸಿಗುತ್ತದೆ, ಎಲ್ಲಾ ಗೊತ್ತು. ಗೊತ್ತಿದ್ದು ಏನು ಪ್ರಯೋಜನ? ಈಗ ಧಾರೆ ಮುಗಿಯುವ ಮೊದಲೇ ಗಂಡಿನ ಚಿಕ್ಕಪ್ಪನ ಮಗ ರೀಲ್ಸ್ ಹಾಕಿ, ಹಿಂದೆ ಹಾಡು ಜೋಡಿಸಿ, ದುಬೈನಲ್ಲಿರುವವರಿಂದ ಲೈಕ್ ತಗೊಂಡು ಕೂತಿರುತ್ತಾನೆ. ನನ್ನ ಪೆನ್‌ಡ್ರೈವ್ ತಲುಪುವಾಗ ಹುಡುಗಿಗೆ ಸೀಮಂತ.

ಇದನ್ನೆಲ್ಲಾ ಅಕ್ಕನ ಮಗನ ಹತ್ತಿರ ಹೇಳಿಕೊಂಡೆ. ಅವನು ಬೆಂಗಳೂರಲ್ಲಿ ಸಾಫ್ಟ್‌ವೇರ್. "ಮಾವ, ಇನ್ನು ಮುಂದೆ ವಿಆರ್, ಅಂದ್ರೆ ವರ್ಚುವಲ್ ರಿಯಾಲಿಟಿ. ಮದುವೆ ನೋಡೋದಲ್ಲ, ಮದುವೆ ಒಳಗೇ ಹೋಗಿ ನಿಲ್ಲೋದು. ಕಲ್ತ್ಕೊಳಿ" ಅಂದ. ಮದುವೆ ಒಳಗೆ ಹೋಗಿ ನಿಂತಿದ್ದಕ್ಕೇ ಈ ಪಾಡು ಅಂತ ಹೇಳೋಣ ಅಂದುಕೊಂಡೆ, ಹೆಂಡತಿ ಅಲ್ಲೇ ಇದ್ದಳು. ಹುಡುಗ ಕಣ್ಣಿಗೆ ಕಟ್ಟಿಕೊಂಡು ವಿಆರ್ ನೋಡುವ ತನ್ನ ಹಳೇ ಹೆಡ್‌ಸೆಟ್ ಕೊಟ್ಟು ಹೋದ. ನಾನು ಎರಡು ಲೆನ್ಸಿನ 360 ಕ್ಯಾಮೆರಾ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡು, ಒಂದು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದೆ.

ಕೋರ್ಸಿನ ಮೇಷ್ಟ್ರು ಮೊದಲು ಚರಿತ್ರೆ ಶುರು ಮಾಡಿದರು. 1838ರಲ್ಲೇ ಚಾರ್ಲ್ಸ್ ವೀಟ್‌ಸ್ಟನ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಎಡಗಣ್ಣಿಗೊಂದು ಬಲಗಣ್ಣಿಗೊಂದು ಚಿತ್ರ ತೋರಿಸಿ, ಚಪ್ಪಟೆ ಚಿತ್ರಕ್ಕೆ ಆಳ ಬರಿಸಿದ್ದ. 1962ರಲ್ಲಿ ಅಮೆರಿಕದ ಮಾರ್ಟನ್ ಹೈಲಿಗ್ ಒಂದು ಪೆಟ್ಟಿಗೆಗೆ ಪೇಟೆಂಟ್ ತಗೊಂಡ. ಅದರೊಳಗೆ ತಲೆ ತೂರಿಸಿ ಕೂತರೆ ಸಿನಿಮಾ ಜೊತೆಗೆ ಗಾಳಿ ಬೀಸುತ್ತಿತ್ತು, ಕುರ್ಚಿ ಅಲುಗುತ್ತಿತ್ತು, ವಾಸನೆಯೂ ಬರುತ್ತಿತ್ತು. ಅದಕ್ಕೆ ದುಡ್ಡು ಹಾಕೋರು ಸಿಗಲಿಲ್ಲ. ಒಳ್ಳೇದೇ ಆಯಿತು. ಎರಡನೇ ಪಂಕ್ತಿ ಎದ್ದ ಮೇಲೆ ಛತ್ರದ ಕೈ ತೊಳೆಯುವ ಜಾಗ ಹೇಗಿರುತ್ತೆ ಅಂತ ನಿಮಗೂ ಗೊತ್ತು, ಅದನ್ನು ವಾಸನೆ ಸಮೇತ ಆಲ್ಬಮ್ ಮಾಡಿ ಕೊಡೋಕಾಗುತ್ತಾ? 1968ರಲ್ಲಿ ಐವನ್ ಸದರ್‌ಲ್ಯಾಂಡ್ ಮಾಡಿದ ಹೆಡ್‌ಸೆಟ್ಟನ್ನು ಛಾವಣಿಯಿಂದ ನೇತು ಹಾಕಿದ್ದರಂತೆ. ಭಾರ ಅಂತ. ನನಗೆ ಈ ಪದ್ಧತಿ ಬಹಳ ಹಿಡಿಸಿತು. ನಮ್ಮನೆ ಮಕ್ಕಳ ಕೈಗೆ ಎಟುಕುವುದಿಲ್ಲ.

ಚರಿತ್ರೆ ಮುಗಿದ ಮೇಲೆ ಮೇಷ್ಟ್ರು "ಇದು ತುಂಬಾ ಸಿಂಪಲ್" ಅನ್ನೋದಕ್ಕೆ ಶುರು ಮಾಡಿದರು. ಅವರು ಸಿಂಪಲ್ ಅಂದಾಗಲೆಲ್ಲಾ ನನ್ನ ಕಂಪ್ಯೂಟರಿನ ಫ್ಯಾನು ಕೂಗುತ್ತದೆ. ಯೂನಿಟಿ ಅನ್ನೋ ಸಾಫ್ಟ್‌ವೇರಿನಲ್ಲಿ ಒಂದು ಮಂಟಪ ಕಟ್ಟಿ, ಮಧ್ಯೆ ಕಲಶ ಇಡಬೇಕಿತ್ತು. ಇಟ್ಟೆ. ಪ್ಲೇ ಒತ್ತಿದೆ. ಕಲಶ ನೆಲದೊಳಗೆ ಇಳಿಯಿತು. ಇಳಿಯುತ್ತಲೇ ಹೋಯಿತು. ಅಲ್ಲಿ ನೆಲ ಕಂಡರೆ ಸಾಲದಂತೆ, ಅದು ಗಟ್ಟಿ ನೆಲ ಅಂತ ಕಂಪ್ಯೂಟರಿಗೆ ಬೇರೆಯಾಗಿ ಹೇಳಬೇಕಂತೆ. ಹೇಳಿದೆ. ಕಲಶ ನಿಂತಿತು, ಮಂಟಪ ಗುಲಾಬಿ ಆಯಿತು. ಬಾಳೆಕಂಬ, ತೋರಣ, ಹೋಮದ ಹೊಗೆ, ಎಲ್ಲಾ ಕಡು ಗುಲಾಬಿ. ಬಣ್ಣ ಹಚ್ಚುವ ಶೇಡರ್ ಕೆಟ್ಟಿದ್ದರೆ ಯೂನಿಟಿ ಹೀಗೆ ಗುಲಾಬಿ ಬಳಿದು ತೋರಿಸುತ್ತದೆ. ಹೆಂಡತಿ ಮಾತ್ರ, "ಇದೇ ಕಲರ್ ಸೀರೆ ನಾನು ಅವತ್ತು ತೋರಿಸಿದ್ದು" ಅಂದಳು.

ಸರಿ, ಹೊಸ ಲೋಕ ಕಟ್ಟೋದು ಆಮೇಲೆ, ಇರೋ ಲೋಕವನ್ನೇ ಹಿಡಿಯೋಣ ಅಂತ 360 ಕ್ಯಾಮೆರಾ ಎತ್ತಿಕೊಂಡೆ.

ಇಲ್ಲೊಂದು ವಿಷಯ ಇದೆ. ಇಷ್ಟು ವರ್ಷ ನಾನು ಬದುಕಿದ್ದೇ ಕ್ಯಾಮೆರಾ ಹಿಂದೆ. ಅಲ್ಲಿ ನಿಂತವನಿಗೆ ಅಂಗಿ ಇಸ್ತ್ರಿ ಬೇಡ, ಗಡ್ಡ ಬೋಳಿಸಬೇಕಾಗಿಲ್ಲ, ಬಾಯಲ್ಲಿ ಅಡಿಕೆ ಇದ್ದರೂ ನಡೆಯುತ್ತೆ. ಈ ಕ್ಯಾಮೆರಾಗೆ ಹಿಂದೆ ಅನ್ನೋದೇ ಇಲ್ಲ. ಮುಂದೊಂದು ಲೆನ್ಸ್, ಹಿಂದೊಂದು ಲೆನ್ಸ್. ಎರಡೂ ಸೇರಿ ಮೇಲೆ ಕೆಳಗೆ ಸುತ್ತಮುತ್ತ ಎಲ್ಲಾ ನೋಡುತ್ತವೆ. ಕ್ಯಾಮೆರಾ ಹಿಡಿದ ಕೋಲು ಮಾತ್ರ ಎರಡರ ಕಣ್ಣಿಗೂ ಬೀಳದೆ ಮಾಯ ಆಗುತ್ತದೆ. ಕೋಲಿನಷ್ಟು ತೆಳ್ಳಗಿದ್ದಿದ್ದರೆ ನಾನೂ ಮಾಯ ಆಗುತ್ತಿದ್ದೆ. ಮೇಷ್ಟ್ರ ಸಲಹೆ: "ಬಟನ್ ಒತ್ತಿ, ಓಡಿ ಹೋಗಿ ಅಡಗಿಕೊಳ್ಳಿ. ತುಂಬಾ ಸಿಂಪಲ್." ಮುನ್ನೂರು ಜನ ತುಂಬಿದ ಛತ್ರದಲ್ಲಿ ಎಲ್ಲಿ ಅಡಗೋದು? ಸ್ಟೋರ್ ರೂಮಿಗೆ ಹೋದರೆ ತೆಂಗಿನಕಾಯಿ ಕದಿಯೋಕೆ ಬಂದವನು ಅಂದುಕೊಳ್ಳುತ್ತಾರೆ.

ದೂರ ಇಟ್ಟು ಶೂಟ್ ಮಾಡೋಣ ಅಂದರೆ ಅದೂ ಆಗುವುದಿಲ್ಲ. ನಾಲ್ಕು ಮಾರು ಆಚೆ ಇಟ್ಟರೆ ವಧೂವರರು ಇರುವೆಗಳಾಗುತ್ತಾರೆ. ಹಾಗಾಗಿ ಕ್ಯಾಮೆರಾವನ್ನು ಜನರ ಮಧ್ಯೆ ಕೋಲಿನ ಮೇಲೆ ಒಂಟಿಯಾಗಿ ನಿಲ್ಲಿಸಿ, ನಾವು ದೂರ ಹೋಗಬೇಕು. ಕಾಯುವವರಿಲ್ಲದ ಕ್ಯಾಮೆರಾ. ಅಲ್ಲಿಗೆ ಭಾವ ಬರುತ್ತಾರೆ.

ಮೊದಲ ಶೂಟಿಂಗು ಅಕ್ಕನ ಮಗಳ ನಿಶ್ಚಿತಾರ್ಥ. ಮನೆಯದೇ ಕಾರ್ಯ, ಹೆಚ್ಚುಕಮ್ಮಿ ಆದರೂ ಯಾರೂ ದುಡ್ಡು ವಾಪಸ್ ಕೇಳೋದಿಲ್ಲ ಅನ್ನೋ ಧೈರ್ಯ. ದುಡ್ಡು ಕೊಟ್ಟಿದ್ದರೆ ತಾನೇ.

ಭಾವ ರಿಟೈರ್ಡ್ ಲೈನ್‌ಮನ್. ಅವರಿಗೊಂದು ಅಭ್ಯಾಸ. ಕರೆಂಟು ಅಥವಾ ಬ್ಯಾಟರಿ ಇರುವ ಯಾವ ವಸ್ತು ಕಂಡರೂ ಹತ್ತಿರ ಹೋಗಿ, ಬೆರಳಿನ ಗೆಣ್ಣಿನಿಂದ ಟಕ್ ಟಕ್ ಅಂತ ಎರಡು ಸಲ ತಟ್ಟಿ, "ಓಡ್ತಿದ್ಯಾ?" ಅಂತ ಕೇಳುತ್ತಾರೆ. ಫ್ರಿಡ್ಜ್, ಮೋಟರ್, ಇನ್ವರ್ಟರ್, ಯಾವುದನ್ನೂ ಬಿಟ್ಟಿಲ್ಲ. ಗೋಡೆ ಗಡಿಯಾರ ಕಣ್ಣೆದುರೇ ಓಡುತ್ತಿದ್ದರೂ ಸ್ಟೂಲ್ ಹತ್ತಿ ತಟ್ಟಿದ್ದಾರೆ. ಒಮ್ಮೆ ಆಸ್ಪತ್ರೆಯಲ್ಲಿ ಅವರ ಅಣ್ಣನನ್ನು ನೋಡಲು ಹೋದಾಗ ಹಾಸಿಗೆ ಪಕ್ಕದ ಮಾನಿಟರಿಗೂ ತಟ್ಟಿ "ಓಡ್ತಿದ್ಯಾ?" ಅಂದಿದ್ದರು. ನರ್ಸ್ ಬೈದು ಹೊರಗೆ ಕಳಿಸಿದಳು. ಹೋಗುವಾಗ ಲಿಫ್ಟಿಗೆ ತಟ್ಟಿದರು.

ಲಗ್ನಪತ್ರಿಕೆ ಓದುವಾಗ ಭಾವ ಎದ್ದು ಬಂದು ಕ್ಯಾಮೆರಾಗೆ ತಟ್ಟಿದರು. ಉಂಗುರ ಹಾಕುವಾಗ ತಟ್ಟಿದರು. ಗಂಡಿನ ಕಡೆಯವರು ತಟ್ಟೆ ಬದಲಾಯಿಸುವಾಗ, ತಮ್ಮ ಕೈಯ ತಟ್ಟೆಯನ್ನು ಪಕ್ಕದವರಿಗೆ ಕೊಟ್ಟು ಬಂದು ತಟ್ಟಿದರು. ನಾನು ಬಾಳೆಕಂಬದ ಮರೆಯಿಂದ "ಭಾವ, ಬನ್ನಿ ಈಚೆ" ಅಂತ ಕೈ ಮಾಡಿದರೆ, ಕ್ಯಾಮೆರಾ ಪಕ್ಕದಲ್ಲೇ ನಿಂತು, "ನೀನ್ಯಾಕೋ ಮಾರಾಯ ಅಲ್ಲಿ ಅಡಗಿ ಕೂತಿದ್ದೀಯ? ಇಲ್ಲಿ ಓಡ್ತಿದ್ಯೋ ಇಲ್ವೋ ನೋಡ್ಬಾರ್ದಾ?" ಅಂತ ಸಭೆಗೆಲ್ಲಾ ಕೇಳುವ ಹಾಗೆ ಕೂಗಿದರು.

ಅವರು ಬಹಳ ಮರ್ಯಾದಸ್ಥರು. ವಿಡಿಯೋಗೆ ಅಡ್ಡ ಬರಬಾರದು ಅಂತ ಗೊತ್ತು. ಅದಕ್ಕೇ ಪ್ರತಿ ಸಲವೂ ಎದುರಿಂದ ಬರದೆ ಪಕ್ಕದಿಂದ ಬಂದರು. ಸಮಸ್ಯೆ ಇರುವುದೇ ಅಲ್ಲಿ. ಈ ಕ್ಯಾಮೆರಾದ ಎರಡು ಚಿತ್ರಗಳು ಸೇರುವುದು ಪಕ್ಕದಲ್ಲಿ. ಎರಡು ಲೆನ್ಸ್ ಒಂದೇ ಜಾಗದಲ್ಲಿ ಇರಲು ಸಾಧ್ಯವಿಲ್ಲ, ಮಧ್ಯೆ ಒಂದಿಷ್ಟು ಅಂತರ ಇದ್ದೇ ಇರುತ್ತದೆ. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ದೂರದ ಗೋಡೆ ಇದ್ದಲ್ಲೇ ಇರುತ್ತದೆ, ಬೆರಳು ಮಾತ್ರ ಅತ್ತಿತ್ತ ಹಾರುತ್ತದೆ. ಇಲ್ಲೂ ಅಷ್ಟೇ. ದೂರ ಇರುವವರು ಸರಿಯಾಗಿ ಕೂಡುತ್ತಾರೆ, ಹತ್ತಿರ ಬಂದವರು ಕೂಡುವುದಿಲ್ಲ. ಕಂಪ್ಯೂಟರಿನಲ್ಲಿ ಎಳೆದು ತಂದು ಸೇರಿಸಬೇಕು. ಚೆಕ್ಸ್ ಅಂಗಿಗೆ ಜೇಬು ಹೊಲಿಯುವಾಗ ಟೈಲರ್ ಗೆರೆಗೆ ಗೆರೆ ಕೂಡಿಸುವಂಥ ಕೆಲಸ. ವ್ಯತ್ಯಾಸ ಅಂದರೆ ಟೈಲರ್ ಕೈಯಲ್ಲಿರುವ ಜೇಬು ಮಾತಾಡುವುದಿಲ್ಲ, ಮೀಸೆ ತಿರುವುವುದಿಲ್ಲ.

ಮರುವಾರ ಅಕ್ಕನ ಮನೆಯಲ್ಲಿ ಪ್ರದರ್ಶನ. ಮೊದಲು ದೊಡ್ಡಮ್ಮ. ಹೆಡ್‌ಸೆಟ್ ಹಾಕಿಕೊಂಡು ಎರಡೇ ನಿಮಿಷಕ್ಕೆ "ತಲೆ ತಿರುಗ್ತಿದೆ, ನಿಂಬೆಹಣ್ಣು ಕೊಡ್ರೇ" ಅಂದರು. ನಮ್ಮ ಲೈಟ್ ಹಿಡಿಯುವ ಹುಡುಗ ಒಂದು ಕಡೆ ಕೋಲು ಎತ್ತಿಕೊಂಡು ನಡೆದುಬಿಟ್ಟಿದ್ದ. ವಿಆರ್‌ನಲ್ಲಿ ಕ್ಯಾಮೆರಾ ನಡೆಯಬಾರದು. ಕಣ್ಣು 'ಹೋಗ್ತಾ ಇದ್ದೀವಿ' ಅನ್ನುತ್ತೆ, ಕಿವಿಯೊಳಗಿನ ದ್ರವ 'ಎಲ್ಲೂ ಇಲ್ಲ, ಸೋಫಾದಲ್ಲೇ ಇದ್ದೀವಿ' ಅನ್ನುತ್ತೆ. ಇಬ್ಬರ ಜಗಳದಲ್ಲಿ ಹೊಟ್ಟೆ ತೊಳಸುತ್ತೆ. ಆಗುಂಬೆ ಘಾಟಿಯ ಬಸ್ಸಿನಲ್ಲಿ ಜಗಳ ಉಲ್ಟಾ. ಅಲ್ಲಿ ಕಣ್ಣಿಗೆ ಎದುರಿನ ಸೀಟು ಅಲುಗದೆ ಕಾಣುತ್ತೆ, ಕಿವಿ ಮಾತ್ರ ತಿರುವು ಲೆಕ್ಕ ಹಾಕುತ್ತಿರುತ್ತೆ. ಫಲ ಒಂದೇ. ದೊಡ್ಡಮ್ಮ ಹೆಡ್‌ಸೆಟ್ ತೆಗೆದಾಗ ಅದರ ಸ್ಪಂಜಿಗೆ ಕುಂಕುಮ, ಕೊಬ್ಬರಿ ಎಣ್ಣೆ ಎರಡೂ ಹತ್ತಿದ್ದವು. ಈಗಲೂ ಅದನ್ನು ಹಾಕಿಕೊಂಡರೆ ನನ್ನ ಹಣೆಗೆ ತಾನಾಗಿ ಕುಂಕುಮ ಬರುತ್ತದೆ.

ಆಮೇಲೆ ಅಕ್ಕ. ಅವಳಿಗೆ ಖುಷಿಯೋ ಖುಷಿ. ಆ ಕಡೆ ತಿರುಗಿ ಬೀಗಿತ್ತಿಯ ಸರ ನೋಡಿದಳು, ಈ ಕಡೆ ತಿರುಗಿ ತನ್ನ ನಾದಿನಿಯ ಮುಖ ನೋಡಿದಳು. "ನೋಡು, ಆಗ್ಲೇ ಹೇಗೆ ಮೂತಿ ಮಾಡ್ಕೊಂಡಿದ್ದಾಳೆ" ಅಂದಳು. ನಾದಿನಿ ಪಕ್ಕದಲ್ಲೇ ಕೂತಿದ್ದರು. ಹೆಡ್‌ಸೆಟ್ ಹಾಕಿದವರಿಗೆ ಹೊರಗೆ ಜನ ಇರೋದು ಮರೆತು ಹೋಗುತ್ತೆ. ಇದನ್ನು ಕೋರ್ಸಿನಲ್ಲಿ ಹೇಳಿಕೊಡಬೇಕಿತ್ತು.

ಅಷ್ಟರಲ್ಲಿ ವಿಡಿಯೋ ಒಳಗೆ ಭಾವ ಬಂದರು. ಟಿವಿಯಲ್ಲಾದರೆ ಇದು ದೊಡ್ಡ ವಿಷಯ ಅಲ್ಲ. ಇಲ್ಲಿ ಕ್ಯಾಮೆರಾ ಇದ್ದ ಜಾಗದಲ್ಲಿ ನೋಡುವವರ ತಲೆ ಇರುತ್ತೆ. ಅಂದರೆ ಅಕ್ಕನ ಮುಖದಿಂದ ಒಂದು ಗೇಣು ದೂರದಲ್ಲಿ, ಬೀರುವಿನಷ್ಟು ದೊಡ್ಡ ಭಾವ, ಒಂದೂವರೆ ಮೂಗು, ಎರಡು ಮೀಸೆ. ಅವರು ಕೈ ಎತ್ತಿ ತಟ್ಟಿದರು. ಇಡೀ ಛತ್ರ, ಬೀಗರು, ಭಟ್ಟರು, ತೋರಣ ಎಲ್ಲಾ ಗಡಗಡ ಅಲುಗಿತು. "ಓಡ್ತಿದ್ಯಾ?"

ಅಕ್ಕ ಕಿರುಚುವ ಮೊದಲೇ, ಸೋಫಾ ಪಕ್ಕ ನಿಂತಿದ್ದ ನಿಜವಾದ ಭಾವ ಬಗ್ಗಿ, ಹೆಡ್‌ಸೆಟ್ಟಿನ ಪಕ್ಕಕ್ಕೆ ಟಕ್ ಟಕ್ ಅಂತ ತಟ್ಟಿ, "ಏನೇ, ಓಡ್ತಿದ್ಯಾ?" ಅಂದರು.

ಆ ಹೆಡ್‌ಸೆಟ್ಟಿನಲ್ಲಿ ಒಂದು ವ್ಯವಸ್ಥೆ ಇದೆ. ಪಕ್ಕಕ್ಕೆ ಎರಡು ಸಲ ತಟ್ಟಿದರೆ ವಿಡಿಯೋ ಮರೆಯಾಗಿ, ಹೊರಗಿನ ಕ್ಯಾಮೆರಾ ಮೂಲಕ ಎದುರಿಗಿರುವ ಕೋಣೆ ಕಾಣುತ್ತದೆ. ಹಳೇ ಮಾಡೆಲ್ ಆದ್ದರಿಂದ ಕಪ್ಪು-ಬಿಳುಪಿನಲ್ಲಿ. ಅಂದರೆ ಅಕ್ಕನ ಕಣ್ಣೆದುರು ಬಣ್ಣದ ಭಾವ ಮಾಯವಾಗಿ, ಅದೇ ಜಾಗದಲ್ಲಿ ಕಪ್ಪು-ಬಿಳುಪು ಭಾವ ಪ್ರತ್ಯಕ್ಷ. ಈ ಸಲ ಮೂಗು ಒಂದೇ. ಅವಳು ಕೈ ಬೀಸಿದಳು. ಭಾವನ ಕನ್ನಡಕ ಟೀಪಾಯಿ ಮೇಲಿನ ಕೋಡುಬಳೆ ತಟ್ಟೆಗೆ ಬಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅಕ್ಕ ಒಮ್ಮೆಯೂ ಅವರಿಗೆ ಏರು ದನಿಯಲ್ಲಿ ಮಾತಾಡಿದವಳಲ್ಲ. ನಾದಿನಿಗೆ ಮಾತ್ರ ಈಗ ಸ್ವಲ್ಪ ಸಮಾಧಾನ ಆದಂತಿತ್ತು.

ಕನ್ನಡಕ ಒರೆಸಿಕೊಂಡು ಭಾವನೇ ಹೆಡ್‌ಸೆಟ್ ಹಾಕಿಕೊಂಡರು. ಒಳಗಿನ ಭಾವ ಬಂದು ಕೇಳಿದ್ದಕ್ಕೆ ಹೊರಗಿನ ಭಾವ ಗಂಭೀರವಾಗಿ ಉತ್ತರ ಕೊಟ್ಟರು. "ಹೂಂ, ಓಡ್ತಿದೆ ಮಾರಾಯ."

ಬಾಕಿಯವರ ದೂರುಗಳು ಬೇರೆ. "ನಿಂದು ಮಾಮೂಲಿ ಕ್ಯಾಮೆರಾನೇ ಕ್ಲಿಯರ್ ಇತ್ತಪ್ಪ." ಪೆಟ್ಟಿಗೆ ಮೇಲೆ 5.7ಕೆ ಅಂತ ಬರೆದಿದೆ, ಅಂದರೆ ಅಡ್ಡಕ್ಕೆ 5760 ಚುಕ್ಕಿ. ಆದರೆ ಅದು ಸುತ್ತಲೂ ಹಂಚಿಹೋಗಬೇಕಲ್ಲ. ನೀವು ಒಮ್ಮೆಗೆ ನೋಡುವುದು ಅದರಲ್ಲಿ ಕಾಲು ಭಾಗ, ನಿಮ್ಮ ಪಾಲಿಗೆ ಬರೋದು 1440. ಮಿಕ್ಕಿದ್ದೆಲ್ಲಾ ನಿಮ್ಮ ಬೆನ್ನ ಹಿಂದೆ ಇರುವ ಪ್ಲಾಸ್ಟಿಕ್ ಕುರ್ಚಿಗಳಿಗೆ ಖರ್ಚಾಗಿರುತ್ತದೆ. ಇದನ್ನು ಹೇಳಿದರೆ ನಮ್ಮ ಭಾವಮೈದ, "ಹಾಗಾದ್ರೆ ಕುರ್ಚಿ ಕಡೆ ಇರೋದನ್ನ ಕಟ್ ಮಾಡಿ ಇಲ್ಲಿಗೆ ಹಾಕು" ಅಂದ.

ಒಂದು ಮಾತ್ರ ಆಯಿತು. ಎಲ್ಲರೂ ಎದ್ದು ಹೋದ ಮೇಲೆ ಅಕ್ಕ ಇನ್ನೊಮ್ಮೆ ಹಾಕಿಕೊಂಡಳು. ಉಂಗುರ ಹಾಕುವ ಹೊತ್ತಿಗೆ ಸುಮ್ನೆ ಹಿಂದೆ ತಿರುಗಿದವಳು, "ಏಯ್, ನೀನೂ ಇದ್ದೀಯಲ್ಲೋ ಇದ್ರಲ್ಲಿ!" ಅಂದಳು. ಇದ್ದೆ. ಬಾಳೆಕಂಬದ ಮರೆಯಲ್ಲಿ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಲಾಡು. ನಮ್ಮ ವಂಶದ ಅಷ್ಟೂ ಮದುವೆಗಳಿಗೆ ಹೋಗಿದ್ದೇನೆ, ಒಂದರ ಆಲ್ಬಮ್ಮಿನಲ್ಲೂ ನಾನಿಲ್ಲ. ಅಪ್ಪನ ಷಷ್ಟ್ಯಬ್ದಿಯ ಗ್ರೂಪ್ ಫೋಟೋದಲ್ಲಿ ಅಪ್ಪ ನಗುತ್ತಾ ನೋಡುತ್ತಿರುವುದು ನನ್ನ ಕಡೆಗೇ, ಆದರೆ ಅದು ನನಗೆ ಮಾತ್ರ ಗೊತ್ತು. ಅಕ್ಕ ಉಂಗುರ ಬಿಟ್ಟು ಬಹಳ ಹೊತ್ತು ಅದೇ ಕಡೆ ತಿರುಗಿ ಕೂತಿದ್ದಳು. ಆಮೇಲೆ ಹೆಡ್‌ಸೆಟ್ ತೆಗೆದು, "ಹೊಟ್ಟೆ ಬಂದಿದೆ ನಿಂಗೆ" ಅಂದಳು. ಅಳಿಸು ಅನ್ನಲಿಲ್ಲ. "ಇದನ್ನ ಬೀಗರಿಗೂ ತೋರಿಸ್ಬೇಕು, ಇವರ ಮೂಗೊಂದು ಸರಿ ಮಾಡಿಕೊಡು" ಅಂದಳು.

ಅದನ್ನೇ ಮಾಡುತ್ತಾ ಕೂತಿದ್ದೆ, ತೀರ್ಥಹಳ್ಳಿ ಕಡೆಯಿಂದ ಒಬ್ಬರು ಫೋನ್ ಮಾಡಿದರು. ಗೃಹಪ್ರವೇಶ. ಸುತ್ತಲೂ ಕಾಣುವ ವಿಡಿಯೋ ಮಾಡ್ತೀರಂತೆ, ರೇಟು ಎಷ್ಟು ಅಂದರು. ಖುಷಿಯಿಂದ ಎಲ್ಲಾ ವಿವರಿಸಿದೆ. ಕ್ಯಾಮೆರಾ ತಾನಾಗಿ ಎಲ್ಲಾ ಕಡೆ ನೋಡುತ್ತೆ, ನಾನು ಅಲ್ಲಿ ನಿಲ್ಲೋದೂ ಇಲ್ಲ, ದೂರ ಹೋಗಿ ಅಡಗಿರುತ್ತೇನೆ ಅಂದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ.

"ಅಲ್ಲಾ ಸರ್, ಎಲ್ಲಾ ಅದೇ ನೋಡ್ಕೊಳತ್ತೆ, ನೀವು ಬರೀ ಅಡಗಿರ್ತೀರಿ ಅಂದ್ಮೇಲೆ ನಿಮಗ್ಯಾಕೆ ಅಷ್ಟು ದುಡ್ಡು? ಕ್ಯಾಮೆರಾ ಬಸ್ಸಿಗೆ ಹಾಕಿ ಕಳ್ಸಿ. ನೀವು ಬರೋದಾದ್ರೆ ಸುಮ್ನೆ ಊಟಕ್ಕೆ ಬನ್ನಿ."