ಮೊದಲು ಲಾಗ್, ಆಮೇಲೆ ರೀಮ್ಯಾಪ್

ಟರ್ಬೊ ಕಾರಿಗೆ ರೀಮ್ಯಾಪ್ ಮಾಡಿಸಿದರೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ನ (ಇಸಿಯು) ಸೆಟ್ಟಿಂಗ್ ಬದಲಿಸಿದರೆ, ಪವರ್ ತಾನಾಗಿ ಬರುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸಲೀಸಲ್ಲ ಸಾರ್. ಮೊದಲು ಕಂಪನಿ ಮ್ಯಾಪ್‌ನಲ್ಲೇ (ಕಂಪನಿ ಕೊಟ್ಟ ಸೆಟ್ಟಿಂಗ್‌ನಲ್ಲೇ) ಕಾರಿನ ಕಂಪ್ಯೂಟರ್‌ನಿಂದ ರೀಡಿಂಗ್ ಓದುವ ಓಬಿಡಿ ಅಡಾಪ್ಟರ್ ಸಿಕ್ಕಿಸಿ ಲಾಗ್ (ಓಡುವಾಗಿನ ರೀಡಿಂಗ್‌ಗಳ ದಾಖಲೆ) ತೆಗೆಯಬೇಕು. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ), ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು), ಆರ್‌ಪಿಎಂ, ಒಳಗೆ ಹೋಗುವ ಗಾಳಿಯ ಬಿಸಿ, ಇಷ್ಟು ಸಾಕು. ಅಗ್ಗದ ಅಡಾಪ್ಟರ್‌ನಲ್ಲಿ ಸಿಕ್ಕಿದ್ದೆಲ್ಲಾ ಟಿಕ್ ಮಾಡಿದರೆ ರೀಡಿಂಗ್ ತಡವಾಗಿ ಬಂದು, ನಾಕ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಉರಿದು ಎಂಜಿನ್ ಬಡಿಯುವುದು) ಆದ ಕ್ಷಣ ಕಾಣಿಸುವುದೇ ಇಲ್ಲ.

ನಮ್ಮ ಶಿವಮೊಗ್ಗ ಕಡೆಯವರು ಟೆಸ್ಟ್ ಅಂದರೆ ಸೀದಾ ಆಗುಂಬೆ ಘಾಟಿ! ಆ ತಿರುವುಗಳಲ್ಲಿ ಫುಲ್ ಥ್ರಾಟಲ್ ಎಲ್ಲಿ ಸಿಗುತ್ತದೆ? ಅದಕ್ಕೆ ಕಾರನ್ನು ನಿಂತಲ್ಲೇ ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಡೈನೋನೇ ಸರಿ. ಆದರೆ ಒಂದು ವಿಷಯ ಘಾಟಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಲಾರಿ ಹಿಂದೆ ತೆವಳುವಾಗ ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೊರಗಿನ ಗಾಳಿ ಸಾಲದೆ, ಒಳಗೆ ಹೋಗುವ ಗಾಳಿಯ ಬಿಸಿ ಏರುತ್ತದೆ. ಆಗ ಇಸಿಯು ನಾಕ್ ತಪ್ಪಿಸಲು ಟೈಮಿಂಗ್ ಹಿಂದಕ್ಕೆಳೆಯುತ್ತದೆ (ಕಿಡಿ ತಡವಾಗಿ ಹಾರಿಸುತ್ತದೆ), ಪವರ್ ಇಳಿಯುತ್ತದೆ. ಈ ಗ್ರಾಫ್ ಕೇಳದೆ ಮ್ಯಾಪ್ ಹಾಕಲು ಬರುವ ಟ್ಯೂನರ್ ಹತ್ತಿರ ಕಾರು ಕೊಡಲೇಬೇಡಿ.